ಮುಹೂರ್ತಕ್ಕೆ ಮೊದಲಿನ ಠೇವಣಿ

ಬೈಂದೂರಿನ ಲೀಲಾಧರ ನಲವತ್ತು ದಾಟುವವರೆಗೆ ಮದುವೆಯಾಗದೆ ಉಳಿದದ್ದು ಖರ್ಚಿಗೆ ಹೆದರಿ. ಕೊನೆಗೆ ಒಪ್ಪಿದ್ದು ಇನ್‌ಕಮ್ ಟ್ಯಾಕ್ಸಿಗೆ ಹೆದರಿ. ಮೀನಿನ ಲಾರಿಗಳಿಗೆ ಮಂಜುಗಡ್ಡೆ ಮಾರಿ ಕೂಡಿಟ್ಟದ್ದೆಲ್ಲ ಬ್ಯಾಂಕಿನಲ್ಲಿ ಠೇವಣಿಯಾಗಿತ್ತು. ಅದರ ಬಡ್ಡಿಗೆ ವರ್ಷವರ್ಷ ತೆರಿಗೆ ಕಟ್ಟುವಾಗ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ನೋವಾಗುತ್ತಿತ್ತು. ಹೆಂಡತಿ ಅಂತ ಒಬ್ಬಳು ಬಂದರೆ ಠೇವಣಿಯನ್ನು ಅವಳ ಹೆಸರಿಗೆ ಹಾಕಿಬಿಡಬಹುದು. ಸ್ವಂತ ಆದಾಯವಿಲ್ಲದವಳಿಗೆ ತೆರಿಗೆಯ ಕಾಟವಿಲ್ಲ. ಈ ಘನ ಉದ್ದೇಶದಿಂದಲೇ ಮಹಾಶಯ ನಾವುಂದದ ಚಂದನಾಳನ್ನು ಒಪ್ಪಿದ್ದ. ಹುಡುಗಿ ಹೆಚ್ಚು ಮಾತಾಡುವುದಿಲ್ಲ ಎಂಬುದು ಅವನಿಗೆ ಇನ್ನೊಂದು ಲಾಭವಾಗಿ ಕಂಡಿತ್ತು.

ಮದುವೆಯ ಬೆಳಿಗ್ಗೆ ಬಾಸಿಂಗ ಕಟ್ಟಿಸಿಕೊಳ್ಳುತ್ತಾ ಈ ಉಪಾಯವನ್ನು ಪಕ್ಕದ ಮನೆಯ ಉಮಾನಾಥನ ಎದುರು ಕೊಚ್ಚಿಕೊಂಡ. ಉಮಾನಾಥ ಮುಂಬಯಿಯ ಆಡಿಟರ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವ. ಇನ್ನೊಬ್ಬರ ಸಂತೋಷ ಕಂಡರೆ ಅದರಲ್ಲೊಂದು ತಪ್ಪು ಹುಡುಕದೆ ಬಿಡುವವನಲ್ಲ.

“ತಾಳಿ ಕಟ್ಟಿದ್ ಮೇಲೆ ಹೆಂಡ್ತಿಗ್ ಕೊಟ್ರೆ ಅದ್ರ ಬಡ್ಡಿ ನಿನ್ ಲೆಕ್ಕಕ್ಕೇ ಸೇರತ್ತ್ ಮರಾಯ, ಟ್ಯಾಕ್ಸ್ ನೀನೇ ಕಟ್ಕ್,” ಎಂದ. “ಕೊಡುದಾರೆ ಮದಿ ಆಪುಕ್ ಮುಂಚೆ, ತಾಳಿ ಕಟ್ಟುವ ಮೊದ್ಲೇ ಕೊಡ್ಕ್.”

ಮುಹೂರ್ತಕ್ಕೆ ಎರಡು ಗಂಟೆಯೂ ಇರಲಿಲ್ಲ. ಲೀಲಾಧರ ಬಾಸಿಂಗದ ಸಮೇತ ರಿಕ್ಷಾ ಹತ್ತಿ ಬ್ಯಾಂಕಿಗೆ ಓಡಿದ.

ಅಲ್ಲಿ ಪಿಂಚಣಿಗೆ ಕಾದಿದ್ದವರೆಲ್ಲ ಆಟ ನೋಡುವವರ ಹಾಗೆ ಇವನತ್ತ ತಿರುಗಿ ಕೂತರು. ಅವಧಿಗೆ ಮೊದಲೇ ಠೇವಣಿ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ ಎಂದು ಕೌಂಟರಿನ ಹೆಂಗಸು ಎಚ್ಚರಿಸಿದಳು. ಆಗಲಿ ಎಂದ. ಹುಡುಗಿಯ ಖಾತೆ ನಂಬರು ಕೇಳಿದಳು. ತಲೆಗೆ ಮಲ್ಲಿಗೆ ಮುಡಿಸಿಕೊಳ್ಳುತ್ತಿದ್ದ ಚಂದನಾಳಿಗೆ ಫೋನು ಹೋಯಿತು. ಯಾಕೆ ಎಂದು ಅವಳು ಕೇಳಿದ್ದಕ್ಕೆ, ಇವಳಿಗೇನು ತಲೆಗೆ ಹೋದೀತು ಎಂದುಕೊಂಡೇ, ಕಾನೂನನ್ನು ಅಂಗನವಾಡಿ ಮಗುವಿಗೆ ಹೇಳುವಂತೆ ಎರಡೆರಡು ಸಲ ಬಿಡಿಸಿ ಹೇಳಿದ. ಅವಳು ಹ್ಞೂಂಗುಟ್ಟುತ್ತಾ ನಂಬರು ಕೊಟ್ಟಳು.

ಅಷ್ಟರಲ್ಲಿ ಸಾಲಿನಲ್ಲಿದ್ದ ಚಂದಯ್ಯನೆಂಬ ಪರೋಪಕಾರಿ, ಮದುಮಗ ದುಡ್ಡು ತೆಗೆದುಕೊಂಡು ಓಡಿಹೋಗುತ್ತಿದ್ದಾನೆಂದು ಹೆಣ್ಣಿನ ಕಡೆಯವರಿಗೆ ಸುದ್ದಿ ಮುಟ್ಟಿಸಿದ್ದ. ಚಂದನಾಳ ಅಣ್ಣ ಸುಜನ್ ಮೀನಿನ ಟೆಂಪೋದಲ್ಲಿ ನಾಲ್ಕು ಜನ ಗಟ್ಟಿಗರನ್ನು ತುಂಬಿಕೊಂಡು ಬಂದ. ದುಡ್ಡು ದಾಟಿತೆಂಬ ಮೆಸೇಜು ಬರುವುದಕ್ಕೂ ಅವರು ಲೀಲಾಧರನ ರಟ್ಟೆ ಹಿಡಿಯುವುದಕ್ಕೂ ಸರಿಹೋಯಿತು. ತೆರಿಗೆಯ ವಿವರಣೆ ಅವರಿಗೆ ಯಾರಿಗೂ ಬೇಕಿರಲಿಲ್ಲ. ಖಾಲಿ ಬುಟ್ಟಿಗಳ ನಡುವೆ ಕೂತು, ಅರ್ಧ ಕಳಚಿದ ಬಾಸಿಂಗವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಮದುಮಗ ಮಂಟಪಕ್ಕೆ ಬಂದ. ಪುರೋಹಿತರು ಮೂಗಿಗೆ ಶಾಲು ಹಿಡಿದೇ ಮಂತ್ರ ಮುಗಿಸಿದರು. ತಾಳಿ ಕಟ್ಟುವಾಗ ಅವನ ಮುಖದಲ್ಲಿ ಸರಕಾರದ ಕಣ್ಣಿಗೆ ಮಣ್ಣೆರಚಿದ ಹೆಮ್ಮೆಯಿತ್ತು.

ಊಟಕ್ಕೆ ಕೂತಾಗ ಹೆಂಡತಿಯ ಕಡೆ ಬಾಗಿ, ಬರುವ ವಾರ ಹೊಸ ಗಾಡಿಗೆ ಮುಂಗಡ ಕೊಡಲಿಕ್ಕಿದೆ, ಒಂದು ಚೆಕ್ಕಿಗೆ ಸಹಿ ಹಾಕಿಡು ಎಂದು ಅಪ್ಪಣೆ ಮಾಡಿದ.

ಚಂದನಾ ಹೋಳಿಗೆಗೆ ಕಾಯಿಹಾಲು ಹಾಕಿಸಿಕೊಂಡಳು.

“ಈಗ ಮದಿ ಆಯ್ತಲ್ದಾ?” ಎಂದಳು. “ಇನ್ನ್ ನಾ ನಿಮ್ಗೆ ಕೊಟ್ರೆ ಅದ್ರ ಬಡ್ಡಿ ನನ್ ಲೆಕ್ಕಕ್ಕೇ ಬತ್ತ್. ನೀವೇ ಹೇಳಿದ್ದ್. ದುಡ್ಡ್ ನಿಮ್ ಕೈಲಿ, ಟ್ಯಾಕ್ಸ್ ನನ್ ತಲಿ ಮೇಲಾ? ನಾ ಕೊಡುದಿಲ್ಲ.”

ಲೀಲಾಧರ ಎದುರಿನ ಸಾಲಿನಲ್ಲಿದ್ದ ಉಮಾನಾಥನನ್ನು ಕರೆದು ಕೇಳಿದ. ಅವಳು ಹೇಳಿದ್ದು ಕಾನೂನಿಗೆ ಸರಿಯಾಗಿದೆ ಎಂದು ಉಮಾನಾಥ ಬಾಯಿ ಚಪ್ಪರಿಸಿದ. ಏನೇ ಆಗಲಿ, ಆ ಬಡ್ಡಿಗೆ ಇನ್ನು ಲೀಲಾಧರ ಚಿಕ್ಕಾಸೂ ತೆರಿಗೆ ಕಟ್ಟಬೇಕಾಗಿಲ್ಲ ಎಂದು ಸಮಾಧಾನವನ್ನೂ ಹೇಳಿದ.

ಅದು ನಿಜವಾಯಿತು. ಬಡ್ಡಿಯೂ ಅವನ ಕೈಗೆ ಬರಲಿಲ್ಲ.