ಕತ್ತು ಹಿಡಿಯುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಇದುವರೆಗೆ ಎಷ್ಟು ಜನರ ಕತ್ತು ಹಿಡಿದಿದ್ದಾಳೋ ಲೆಕ್ಕವಿಲ್ಲ. ಪೊಲೀಸರ ಕತ್ತನ್ನೂ ಬಿಟ್ಟಿಲ್ಲವಾದ್ದರಿಂದ, ದೂರು ಕೊಡುವುದಾದರೂ ಯಾರಿಗೆ ಎಂದು ನಮ್ಮೂರು ಗಂಜಾಮಿನವರು ಸುಮ್ಮನಿದ್ದಾರೆ!

ಗಾಬರಿಯಾಗಬೇಡಿ. ಆಕೆ ನಿವೃತ್ತ ನರ್ಸು. ದೂರದ ಕಡಲ ದಂಡೆಯಲ್ಲಿ, ಅಣುಸ್ಥಾವರವೊಂದರ ಪಕ್ಕದ ಹಳ್ಳಿಯ ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ಕಳೆದು ಬಂದವಳು. ಎದುರಿಗೆ ಸಿಕ್ಕವರನ್ನು ನಾವೆಲ್ಲ ಊಟ ಆಯಿತಾ ಎಂದು ಕೇಳಿದರೆ, ಅವಳು ಅವರ ಗಲ್ಲ ಎತ್ತಿ, ಗಂಟಲ ಮೇಲೆ ಎರಡು ಬೆರಳಿಟ್ಟು, “ಎಂಜ್ಲು ನುಂಗು” ಅನ್ನುತ್ತಾಳೆ. ಥೈರಾಯ್ಡಿನಲ್ಲಿ ಗಂಟಿದ್ದರೆ ನುಂಗುವಾಗ ಬೆರಳಿಗೆ ತಗಲುತ್ತದಂತೆ.

ಒಮ್ಮೆ ಅರಕೆರೆ ಬಸ್ಸಿನಲ್ಲಿ ಟಿಕೆಟ್ ಕೊಡಲು ಕಂಡಕ್ಟರು ಬಗ್ಗಿದ. ಅವನ ಕತ್ತು ಅನುಕೂಲವಾದ ಎತ್ತರಕ್ಕೆ ಬಂದರೆ ಇವಳು ಬಿಡುತ್ತಾಳೆಯೇ? ಪಾಪ, ಮೂರು ಸಲ ನುಂಗಿದ. ವಿಷಲ್ ಊದುವವರಿಲ್ಲದೆ ಬಸ್ಸು ಎರಡು ಸ್ಟಾಪು ದಾಟಿತ್ತು. ಇಳಿಯಬೇಕಾದವರೂ ಜಗಳವಾಡದೆ ಫಲಿತಾಂಶಕ್ಕೆ ಕಾದು ನಿಂತಿದ್ದರು.

ನಾನು ಅಕ್ಕಸಾಲಿಗ. ಅಂಗಡಿಗೆ ಬಂದವರು ಸರ ಹಾಕಿ ನೋಡಬೇಕೆಂದರೆ ಸೆರಗು ಸರಿಸಿ ಕತ್ತು ಮುಂದೆ ಮಾಡುತ್ತಾರೆ. ಚಿಕ್ಕಮ್ಮನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ದಿನವೂ ಬಂದು ಕೂರತೊಡಗಿದಳು. ಕ್ಯಾತನಹಳ್ಳಿಯ ಹೆಂಗಸೊಬ್ಬರು ನನ್ನ ಹೊಸ ನಮೂನೆಯ ಸರವನ್ನು ಮೆಚ್ಚಿ ಕನ್ನಡಿ ಮುಂದೆ ನಿಂತಿದ್ದರು. ಚಿಕ್ಕಮ್ಮ ಸರವನ್ನು ಪಕ್ಕಕ್ಕೆ ತಳ್ಳಿ ಕತ್ತು ಒತ್ತಿ ನೋಡಿ, ಮೊದಲು ಸ್ಕ್ಯಾನಿಂಗು, ಆಮೇಲೆ ಸರ ಎಂದು ಕಳಿಸಿಬಿಟ್ಟಳು. ಸ್ಕ್ಯಾನಿಂಗಿನಲ್ಲಿ ಏನೂ ಇರಲಿಲ್ಲವಂತೆ. ಸರವನ್ನು ಅವರು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕೊಂಡರು.

ನಾಗಮಂಗಲಕ್ಕೆ ನನಗೆ ಹೆಣ್ಣು ನೋಡಲು ಹೋದಾಗ, ಅಲ್ಲಿ ಯಾರ ಕತ್ತೂ ಮುಟ್ಟಬೇಡವೆಂದು ಚಿಕ್ಕಮ್ಮನಿಂದ ಆಣೆ ಹಾಕಿಸಿಕೊಂಡಿದ್ದೆ. ಹುಡುಗಿ ಕಾಫಿ ಕೊಡಲು ಬಗ್ಗಿದ್ದೇ ತಡ, ಆಣೆ ಮುರಿಯಿತು. ಹುಡುಗಿಯ ಅಪ್ಪ ಎದ್ದು ನಿಂತರು. ಹುಡುಗಿ ಮಾತ್ರ ನಿಧಾನವಾಗಿ ನುಂಗಿ, “ನಿಮ್ ಹುಡುಗುಂದೂ ನೋಡಿದ್ದೀರಾ ಅಮ್ಮಾ?” ಅಂದಳು. ಈಗ ಆಕೆ ನನ್ನ ಹೆಂಡತಿ, ಮತ್ತು ಎಲ್ಲ ವಿಷಯದಲ್ಲೂ ಚಿಕ್ಕಮ್ಮನ ಪಕ್ಷ!

ನಮ್ಮೂರಲ್ಲಿ ಅಣುಸ್ಥಾವರವೇ ಇಲ್ಲ, ಯಾಕೆ ಈ ಹುಚ್ಚು ಎಂದು ಒಂದು ದಿನ ಚಿಕ್ಕಮ್ಮನ ಮೇಲೆ ರೇಗಿದೆ. ಅವಳು ಕೋಪಿಸಿಕೊಳ್ಳಲಿಲ್ಲ. ಆ ಹಳ್ಳಿಯಲ್ಲೂ ಗಂಟುಗಳಿಗೆ ವಿಕಿರಣವೇ ಕಾರಣವೆಂದು ಪರೀಕ್ಷೆಗೆ ಬಂದವರಲ್ಲಿ ಕೆಲವರು, ಅಲ್ಲವೆಂದು ಕೆಲವರು ಹೇಳಿ ಹೋದರಂತೆ. ಗಟ್ಟಿಯಾಗಿ ಹೇಳಬೇಕಾದರೆ ಅದೇ ಜನರನ್ನು ವರ್ಷಗಟ್ಟಲೆ ನೋಡುತ್ತಿರಬೇಕು, ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. “ಯಾತುಕ್ ಬಂತು ಅಂತ ಅವ್ರು ಕಿತ್ತಾಡ್ಕೊಳ್ಲಿ ಕಣ್ಲಾ. ಬೇಗ ಸಿಕ್ಬುಟ್ರೆ ಉಳ್ಕೋತಾರೆ, ಅಷ್ಟೇಯ ನಂಗ್ ಗೊತ್ತಿರೋದು” ಅಂದಳು.

ವರ್ಷಕ್ಕೊಮ್ಮೆ ಅವಳು ತಾನೇ ಖರ್ಚು ಹಾಕಿಕೊಂಡು ಆ ಹಳ್ಳಿಗೆ ಹೋಗುತ್ತಾಳೆ. ಈ ಸಲ ಅವಳಿಗೆ ಮಂಡಿನೋವೆಂದು ನಾನೂ ಜೊತೆಗೆ ಹೊರಟೆ. ರೈಲಿನಲ್ಲಿ ಮೊದಲ ಸಲ ತನ್ನ ಗೆಳತಿಯ ವಿಷಯ ತೆಗೆದಳು. ಅದೇ ಆಸ್ಪತ್ರೆಯ ಆಯಾ. ಇಬ್ಬರೂ ವರ್ಷಗಟ್ಟಲೆ ಎದುರುಬದುರು ಕೂತು ಊಟ ಮಾಡಿದವರು. ಗೆಳತಿಯ ಕತ್ತು ದಪ್ಪವಾಗುತ್ತಿದ್ದುದನ್ನು ಕಂಡು, ಮೀನು ತಿಂದು ಕೊಬ್ಬಿದ್ದೀಯ ಎಂದು ಇವಳು ತಮಾಷೆ ಮಾಡುತ್ತಿದ್ದಳಂತೆ. ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಶ್ವಾಸಕೋಶಕ್ಕೆ ಇಳಿದಿತ್ತು, ಗೆಳತಿ ಉಳಿಯಲಿಲ್ಲ. “ದಿನಾ ನೋಡ್ತಿದ್ದೆ ಕಣಪ್ಪ, ನರ್ಸು ನಾನು” ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಹಳ್ಳಿಯಲ್ಲಿ ಹೆಂಗಸರು ಹೇಳಿಸಿಕೊಳ್ಳದೆಯೇ ಗಲ್ಲ ಎತ್ತಿ ಸಾಲಾಗಿ ನಿಂತರು. ಚಿಕ್ಕಮ್ಮನ ಬೆರಳು ಚುರುಕಾಗಿ ಓಡಿತು. ಕೊನೆಗೆ ಒಬ್ಬ ಹುಡುಗಿ ಬಂದಳು, ಗೆಳತಿಯ ಮಗಳು. ಕಂಡಕ್ಟರನ್ನೂ ಬಿಡದ ಚಿಕ್ಕಮ್ಮ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನೋಡಿದಳು, ಮತ್ತೆ ನೋಡಿದಳು, ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ, ಆ ಸೀಮೆಯ ಭಾಷೆಯನ್ನು ಅಷ್ಟು ವರ್ಷ ಆಡಿದವಳು ಒಂದು ಮಾತೂ ಬಾರದೆ, “ಏನೂ ಇಲ್ಲ ಕಣವ್ವ, ಏನೂ ಇಲ್ಲ” ಎಂದು ನಮ್ಮ ಮಾತಿನಲ್ಲೇ ಹೇಳಿ ಜಗಲಿಯ ಮೇಲೆ ಕೂತುಬಿಟ್ಟಳು.

ಹುಡುಗಿಗೆ ಕನ್ನಡ ಬಾರದು. ಪಕ್ಕದಲ್ಲಿ ಕೂತು ಚಿಕ್ಕಮ್ಮನ ಕಣ್ಣು ಒರೆಸಿದಳು.