ಚಿಕ್ಕಿಯ ದೇವಿಯರಿಗೊಂದು ಜೆಲ್ ಪೆನ್ನು

ವಿಧಿಗೆ ಸ್ಟೇಷನರಿ ಒದಗಿಸುವ ಗುತ್ತಿಗೆ ಹಿಡಿದ ಹೆಂಗಸು ಜಗತ್ತಿನಲ್ಲಿ ಒಬ್ಬಳೇ ಇದ್ದರೆ, ಅವಳು ತೆಕ್ಕಟ್ಟೆಯಲ್ಲಿದ್ದಾಳೆ ಮತ್ತು ಅವಳು ನನ್ನ ಚಿಕ್ಕಿ. ನಾನೋ, ಚರ್ಚಾ ಸ್ಪರ್ಧೆಗಳಲ್ಲಿ ಎದುರಾಳಿಗಳ ಬೆವರಿಳಿಸಿದವಳು. ದೇವರು, ದೆವ್ವ, ಜಾತಕ ಮೂರನ್ನೂ ತಲಾ ನಾಲ್ಕು ನಿಮಿಷದಲ್ಲಿ ಖಂಡಿಸಬಲ್ಲವಳು. ಇಂಥ ನನಗೆ ಇಂಥ ಚಿಕ್ಕಿ! ವಿಧಿಯೇ ಇಲ್ಲ ಎನ್ನುವವಳಿಗೆ ಇದಕ್ಕಿಂತ ದೊಡ್ಡ ವಿಧಿಯಾಟ ಬೇಕೆ?

ಚಿಕ್ಕಿ ಒಣಮೀನು ಮಾರುವವಳು. ಹಿಂದೆ ಚಿಕ್ಕಪ್ಪನ ಜೊತೆ ಮುಂಬೈಯಲ್ಲಿದ್ದಾಗ ಪಕ್ಕದ ಖೋಲಿಯ ಮರಾಠಿ ಬಾಯಿಯೊಬ್ಬಳು ಅವಳಿಗೆ ಸಟವಾಯಿ ಎಂಬ ದೇವಿಯ ಪರಿಚಯ ಮಾಡಿಸಿದಳಂತೆ. ಮಗು ಹುಟ್ಟಿದ ಆರನೇ ದಿನ ಬಂದು ಹಣೆಬರಹ ಬರೆದು ಹೋಗುವವಳು. ಊರಿಗೆ ಮರಳುವಾಗ ಚಿಕ್ಕಿ ಆ ದೇವಿಯನ್ನು ಕರೆತಂದದ್ದಷ್ಟೇ ಅಲ್ಲ, ಒಬ್ಬಳಿಂದ ಇಷ್ಟು ಜನರ ಕೆಲಸ ಮುಗಿಯದೆಂದು ಇಬ್ಬರು ತಂಗಿಯರನ್ನೂ ನೇಮಕ ಮಾಡಿಬಿಟ್ಟಳು! ದೊಡ್ಡವಳು ಬರೆಯುವವಳು, ನಡುವಿನವಳು ಓದುವವಳು, ಸಣ್ಣವಳು ಅಳಿಸುವವಳು. ಕಡಲತಡಿಯಿಂದ ಆರಿಸಿ ತಂದ ಮೂರು ಕರಿಕಲ್ಲುಗಳು. ವಾಸ ಫ್ರಿಜ್ಜಿನ ಮೇಲೆ. ದೊಡ್ಡವಳ ಮುಂದೆ ಜೆಲ್ ಪೆನ್ನು, ನಡುವಿನವಳಿಗೆ ಚಿಕ್ಕಪ್ಪನ ಹಳೆಯ ಕನ್ನಡಕ, ಸಣ್ಣವಳಿಗೆ ಪರಿಮಳದ ರಬ್ಬರು.

"ಬಾಲ್ ಪೆನ್ ಸಾಕಲ್ದಾ ಚಿಕ್ಕಿ?" ಎಂದು ಒಮ್ಮೆ ಕೇಳಿದ್ದೆ.

"ಎಂತ ಹೇಳ್ತೆ ಹೆಣೆ? ಬರಿಯೂಕೆ ಕೂಕಂಡಾಗ ಶಾಯಿ ನಿಂತ್ರೆ? ಅವ್ಳ್ ಬೇರೆ ಪೆನ್ ಹುಡ್ಕುಕ್ ಹೋದ್ರೆ ತಡ ಆತ್ತಲ್ದಾ!"

ರಬ್ಬರು ಎಷ್ಟು ಖರ್ಚಾಗುತ್ತಿತ್ತೆಂದರೆ, ಅಂಗಡಿಯವನಿಗೇ ಸಂಶಯ ಬಂತು. "ಹ್ವಾಯ್ ಅಕ್ಕ, ನಿಮ್ಮನಿಯಂಗೆ ಶಾಲಿಗ್ ಹೋಪು ಮಕ್ಳಿಲ್ಲೆ. ಇಷ್ಟ್ ರಬ್ಬರ್ ಎಂತಕೆ?"

ಚಿಕ್ಕಿ ಅವನನ್ನೇ ದಿಟ್ಟಿಸಿ ನೋಡಿದಳು. "ನಿನ್ ಹಣೆ ಕಂಡೇ ತಕಂಡ್ ಹೋಪುದ್ ಮಾರಾಯ. ಸುಮಾರ್ ಅಳ್ಸೂಕಿತ್ತ್!"

ಫ್ರಿಜ್ಜಿನ ಮೇಲೆ ನಾಲ್ಕನೆಯದೂ ಒಂದಿತ್ತು. ಮರದ ಚೌಕಟ್ಟಿನ ಹಳೆಯ ಸ್ಲೇಟು. ಅದರಲ್ಲಿ ಎಂದೂ ಒಂದಕ್ಷರ ಕಂಡವಳಲ್ಲ ನಾನು. ಆದರೂ ಚಿಕ್ಕಿ ಬೆಳಿಗ್ಗೆ ಎದ್ದವಳೇ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬರೆಯದ ಸ್ಲೇಟನ್ನು ಒರೆಸುವುದು! ಇದು ಯಾವ ದೇವಿಯದೆಂದು ಕೇಳಿದರೆ, "ಅದ್ ಅವ್ರದ್ದಲ್ಲ" ಎಂದು ಮಾತು ಮುಗಿಸಿದಳು.

ಇನ್ನು ಭವಿಷ್ಯ. ಕೊಡ್ಡಾಯಿ ಮೀನಿನ ತಲೆಯೊಳಗೆ ಬಿಳಿಯ ಕಲ್ಲಿರುತ್ತದೆ, ನೋಡಿದ್ದೀರಾ? ಅಂಥ ಮೂರು ಕಲ್ಲುಗಳನ್ನು ಚಿಕ್ಕಿ ಮೊರದ ಮೇಲೆ ಉರುಳಿಸುತ್ತಾಳೆ. ಗೆರೆಯಿರುವ ಬದಿ ಮೇಲಾದರೆ ಹೌದು, ನುಣ್ಣನೆಯ ಬೆನ್ನು ಮೇಲಾದರೆ ಅಲ್ಲ. ಮೂವರಲ್ಲಿ ಇಬ್ಬರು ಒಪ್ಪಿದರೆ ಬಹುಮತ. ಬಹುಮತ ಚಿಕ್ಕಿಗೆ ಹಿಡಿಸದಿದ್ದರೆ, "ಸಣ್ಣವ್ಳ್ ಆಕಳ್ಸ್ತಾ ಇದ್ದಿದ್ಳ್" ಎಂದು ಮರುಮತದಾನ!

ನಾನು ಬಿಡುವವಳೇ? ನೋಟ್‌ಬುಕ್ಕು ಹಿಡಿದು ಕೂತು ಅವಳ ನಲವತ್ತು ಭವಿಷ್ಯಗಳನ್ನು ಬರೆದುಕೊಂಡೆ. ಇಪ್ಪತ್ತು ಸರಿ, ಇಪ್ಪತ್ತು ತಪ್ಪು. "ಕಾಣ್ ಚಿಕ್ಕಿ, ನಾಣ್ಯ ಚಿಮ್ಮಿದ್ರೂ ಇಷ್ಟೇ ಬತ್ತ್" ಎಂದು ವಿಜಯದ ನಗೆ ನಕ್ಕೆ.

ಚಿಕ್ಕಿಗೆ ನನಗಿಂತ ಹೆಚ್ಚು ಖುಷಿಯಾಯಿತು. "ಹೌದಾ? ನಾಣ್ಯಕ್ ಕಲ್ಸ್ಕೊಟ್ಟವ್ರ್ ಯಾರ್ ಅಂದ್ಕಂಡೆ?"

ಇಂಥವಳ ಜೊತೆ ವಾದ ಮಾಡುವುದು ಹೇಗೆ ಸ್ವಾಮಿ?

ಹೀಗಿರುವಾಗ ನನ್ನ ಅಕ್ಕನಿಗೆ ಹೆಣ್ಣುಮಗುವಾಯಿತು. ಆಸ್ಪತ್ರೆಯಿಂದ ಕುಂದಾಪುರದ ನಮ್ಮ ಮನೆಗೆ ಬಂದ ದಿನವೇ ಚಿಕ್ಕಿಯೂ ಚೀಲ ಹಿಡಿದು ಬಸ್ಸಿಳಿದಳು. ಚೀಲದಲ್ಲಿ ಮೂವರು ದೇವಿಯರು, ಮೊರ, ಮೀನಿನ ಕಲ್ಲು, ಸ್ಲೇಟು, ಹೊಸ ಪೆನ್ನು. ಯಾರ ಬಳಿಯೂ ಏನನ್ನೂ ಕೇಳದ ಚಿಕ್ಕಿ ಅಂದು ಅಕ್ಕನ ಮಂಚದ ತುದಿಯಲ್ಲಿ ಕೂತು ಕೇಳಿದಳು: "ಒಂದೇ ಒಂದ್. ಆರನೇ ದಿನ ತೊಟ್ಲ್ ಹತ್ರ ಪೆನ್ ನಾನ್ ಇಡ್ಕ್."

"ಸಾಧ್ಯವೇ ಇಲ್ಲ!" ಎಂದವಳು ನಾನು. ಹೊಸ ತಲೆಮಾರಿನ ತೊಟ್ಟಿಲಲ್ಲೇ ಮೂಢನಂಬಿಕೆಯೇ? ಚಿಕ್ಕಿಯೂ ಪಟ್ಟು ಬಿಡಲಿಲ್ಲ. ಎರಡು ದಿನ ನಮ್ಮ ಜಟಾಪಟಿ ಕೇಳಿ, ನಿದ್ದೆಗೆಟ್ಟ ಅಕ್ಕ ಕಡೆಗೆ ಕೈಮುಗಿದಳು. "ಇಬ್ರೂ ಜಗಲಿಗ್ ಹೋಯ್ ಇತ್ಯರ್ಥ ಮಾಡ್ಕಣಿ. ಗೆದ್ದವ್ರ್ ಹೇಳ್ದಾಂಗ್ ಆಯ್ಲಿ. ಮಗು ಒಂದ್ ಎಬ್ಬಿಸ್ಬೇಡಿ!"

ಐದನೇ ದಿನ ಮಧ್ಯಾಹ್ನ, ಊಟವಾದ ಮೇಲೆ ಸ್ಪರ್ಧೆ ಶುರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಆಸ್ಪತ್ರಿಯಂಗೆ ಒಂದೇ ದಿನ ಹತ್ ಮಕ್ಳ್ ಹುಟ್ಟಿದ್ರೆ, ಒಬ್ಳೇ ಹ್ಯಾಂಗ್ ಬರಿತ್ಳ್?" ಎಂದು ಮೊದಲ ಬಾಣ ಬಿಟ್ಟೆ.

"ಅದ್ಕೇ ಅಲ್ದಾ ಜೆಲ್ ಪೆನ್? ಓಡ್ತ್!"

"ಹಾಂಗಾರೆ ಆ ದೇವಿಯರ ಹಣೆಬರಹ ಬರ್ದವ್ರ್ ಯಾರ್?"

"ಒಬ್ರದ್ದ್ ಒಬ್ರ್ ಬರ್ಕಂತ್ರ್. ಸ್ವಂತ ಹಣೆ ಯಾರಿಗಾರೂ ಕಾಂತಾ?"

ಅಮ್ಮ ನಕ್ಕಳು. ಒಳಗಿನಿಂದ ಅಕ್ಕನೂ ನಕ್ಕಳು. ತೀರ್ಪುಗಾರರೇ ನಕ್ಕರೆ ಸ್ಪರ್ಧಿಯ ಗತಿಯೇನು! ನನ್ನ ಕಿವಿ ಬಿಸಿಯಾಯಿತು. ಕೊನೆಯ ಅಸ್ತ್ರವೊಂದನ್ನು ಉಳಿಸಿಕೊಂಡಿದ್ದೆ. ಅದನ್ನು ತೆಗೆಯಲು ಬಾಯಿ ತೆರೆದೆ.

"ಆರನೇ ದಿನ ಬಪ್ಪುಕೆ ಮೊದ್ಲೇ..."

ಅಮ್ಮ ಜೋರಾಗಿ ಕೆಮ್ಮಿದಳು. ಸ್ಪರ್ಧೆಯಲ್ಲಿ ಸಮಯ ಮುಗಿಯುವ ಮುನ್ನ ಎಚ್ಚರಿಕೆಯ ಗಂಟೆ ಬಾರಿಸುತ್ತಾರಲ್ಲ, ನನಗೆ ಹಾಗೆಯೇ ಕೇಳಿಸಿತು. ಇನ್ನಷ್ಟು ವೇಗವಾಗಿ ಹೇಳಿ ಮುಗಿಸಿದೆ.

"ಮೊದ್ಲೇ ಮಗು ಸತ್ ಹೋದ್ರೆ? ಅದ್ರ ಹಣಿಯಂಗೆ ಎಂತದೂ ಬರಿಲಿಲ್ಲೆ ಅಲ್ದಾ? ಮತ್ತೆ ಆ ಸಾವ್ ಬರ್ದವ್ರ್ ಯಾರ್ ಚಿಕ್ಕಿ?"

ಅಮ್ಮನ ಕೈಯಲ್ಲಿ ಬೆಳ್ಳುಳ್ಳಿ ನಿಂತಿತು. ಚಿಕ್ಕಿ ಮೊರದ ಮೇಲಿನ ಮೂರು ಬಿಳಿ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡಳು.

"ಹ್ಞಾಂ ಹೆಣೆ" ಎಂದಳು. "ನಾನೂ ಅವ್ರ ಹತ್ರ ಅದನ್ನೇ ಕೇಂತಾ ಇಪ್ಪುದ್." "ನೀನ್ ಗೆದ್ದೆ" ಎಂದು ಒಳಗೆದ್ದು ಹೋಗಿ ಚೀಲ ಕಟ್ಟತೊಡಗಿದಳು.

ನಾನು ಹುಟ್ಟುವ ಮೊದಲಿನ ಮಾತು. ಅಡುಗೆಮನೆಯಲ್ಲಿ ಅಮ್ಮ ಸಣ್ಣ ದನಿಯಲ್ಲಿ ಹೇಳಿದಳು. ಮುಂಬೈಯಲ್ಲಿ ಚಿಕ್ಕಿಗೊಂದು ಮಗುವಾಗಿತ್ತು. ಐದೇ ದಿನ ಬದುಕಿತ್ತು. ಮರುದಿನದ ಪೂಜೆಯಲ್ಲಿ ಸಟವಾಯಿ ಬರೆಯಲೆಂದು ಪಕ್ಕದ ಖೋಲಿಯ ಬಾಯಿ ಮುಂಚೆಯೇ ತಂದಿಟ್ಟಿದ್ದ ಸ್ಲೇಟು ಅದು.

ನನ್ನ ಶೆಲ್ಫಿನಲ್ಲಿ ಹನ್ನೊಂದು ಟ್ರೋಫಿಗಳಿವೆ. ಅಷ್ಟೂ ಗೆಲುವಿನಲ್ಲಿ ನನಗೆ ಹಿಂದಿರುಗಿಸಬೇಕೆನಿಸಿದ ಗೆಲುವು ಇದೊಂದೇ.

ಅಕ್ಕನ ಕೋಣೆಗೆ ಹೋಗಿ, "ನಾನ್ ಸೋತೆ" ಎಂದೆ.

"ಯಾವ ಪಾಯಿಂಟಿಗೆ?" ಎಂದು ಅಕ್ಕ ಬೆರಗಾದಳು. ಪಾಯಿಂಟು ಇರಲಿಲ್ಲ.

ಚಿಕ್ಕಿಯ ಚೀಲವನ್ನು ನಾನೇ ಬಿಚ್ಚಿದೆ. ಮರುದಿನ ಸಂಜೆ ಅವಳು ತೊಟ್ಟಿಲ ಬಳಿ ಮೂರು ಕರಿಕಲ್ಲುಗಳನ್ನಿಟ್ಟು, ಅಂಗೈಯಲ್ಲಿ ಗೀಚಿ ಶಾಯಿ ಪರೀಕ್ಷಿಸಿ, ಪೆನ್ನಿಟ್ಟಳು. ನಾನು ಸ್ಲೇಟು ತಂದು ಅದರ ಪಕ್ಕದಲ್ಲಿಟ್ಟೆ. ಮೇಲೊಂದು ಹೊಸ ಬಳಪದ ಕಡ್ಡಿ.

ಚಿಕ್ಕಿ ಸ್ಲೇಟನ್ನು ಸೆರಗಿನಿಂದ ಒಮ್ಮೆ ಒರೆಸಿದಳು. "ನೀನ್ ಇದನ್ನೆಲ್ಲ ನಂಬುದಿಲ್ಲೆ ಅಲ್ದಾ?"

"ಇಲ್ಲೆ ಚಿಕ್ಕಿ. ಒಂಚೂರೂ ನಂಬುದಿಲ್ಲೆ."

ಅವಳು ಕಡ್ಡಿಯನ್ನೆತ್ತಿ ಬೆರಳಿನಿಂದ ಮುಟ್ಟಿ ನೋಡಿ, ಮೂಗು ಒರೆಸಿಕೊಂಡಳು. "ಇದ್ರ ತುದಿ ಮೊಂಡ್ ಇತ್ತಲೆ!"

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಆ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಚೂಪು ಮಾಡತೊಡಗಿದೆ, ಬೇಗ ಬೇಗ. ಈ ಸಲವಾದರೂ ತಡವಾಗಬಾರದಲ್ಲ!