ಪಿ.ಪಿ. ನಂಬರಿನ ಸಂದರ್ಶನ

ಅರ್ಜಿಯಲ್ಲಿ ಫೋನ್ ನಂಬರಿನ ಪಕ್ಕ ‘ಪಿ.ಪಿ.’ ಎಂದು ಬರೆಯಲು ಸುರೇಶನಿಗೆ ನಾಚಿಕೆಯಾಯಿತು. ಬರೆದರೆ ತನ್ನ ಮನೆಯಲ್ಲಿ ಫೋನಿಲ್ಲ, ಕರೆ ಬಂದರೆ ಕೆಳಗಿನ ಮನೆಯವರು ಕೂಗಿ ಕರೆಯಬೇಕು ಎಂಬುದು ಮಸ್ಕತ್ತಿನ ಕಂಪನಿಗೂ ಗೊತ್ತಾಗಿಬಿಡುತ್ತದೆ. ಹಾಗಾಗಿ ಕೆಳಗಿನ ಮನೆಯ ಸೋಮಯ್ಯನವರ ನಂಬರನ್ನೇ ತನ್ನದೆಂಬಂತೆ ಬರೆದು ಕಳಿಸಿದ. ಅದು 2001ನೇ ಇಸವಿ.

ಫರೀದಾಬಾದಿನ ಬೇರಿಂಗ್ ಕಾರ್ಖಾನೆಯಲ್ಲಿ ಅವನು ಹನ್ನೆರಡು ವರ್ಷದಿಂದ ಸೂಪರ್‌ವೈಸರ್. ಹೋದ ತಿಂಗಳು ಮ್ಯಾನೇಜರ್ ತನ್ನ ಭಾಮೈದನನ್ನು ತಂದು ಇವನ ತಲೆಯ ಮೇಲೆ ಕೂರಿಸಿದ್ದ. ಭಾಮೈದನಿಗೆ ಬೇರಿಂಗ್‌ಗೂ ಬಳೆಗೂ ವ್ಯತ್ಯಾಸ ತಿಳಿಯದು. ಅಂದಿನಿಂದ ಸುರೇಶ ಬೇರೆ ಕೆಲಸ ಹುಡುಕುತ್ತಿದ್ದ. ಒಮಾನಿನಲ್ಲಿ ಪೈಪ್‌ಲೈನ್ ಹಾಕುವ ಆ ಮಸ್ಕತ್ತಿನ ಕಂಪನಿ ಅವನ ಅರ್ಜಿ ಮೆಚ್ಚಿ, ಶನಿವಾರ ಹನ್ನೊಂದಕ್ಕೆ ಫೋನಿನಲ್ಲೇ ಸಂದರ್ಶನ ಎಂದು ಬರೆದಾಗ, ಜ್ವರವೆಂದು ಸುಳ್ಳು ಹೇಳಿ ರಜೆ ಹಾಕಿದ. ಕಾರ್ಖಾನೆಗೂ ಅವನು ಕೊಟ್ಟಿದ್ದು ಸೋಮಯ್ಯನವರ ನಂಬರೇ.

ಹತ್ತೂವರೆಗೆ ಟೈ ಬಿಗಿದು ಕೆಳಗಿಳಿದ. ಸೋಮಯ್ಯನವರು ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದವರು. ಬಾಗಿಲಲ್ಲೇ ಇವನನ್ನು ಅಡಿಯಿಂದ ಮುಡಿವರೆಗೆ ಪರೀಕ್ಷಿಸಿದರು.

“ಫೋನಿಗೆ ಟೈ ಕಾಣುತ್ತೇನಪ್ಪಾ?”

“ಧೈರ್ಯಕ್ಕೆ, ಸೋಮಯ್ಯನವರೇ.”

ಆದರೆ ಫೋನಿನ ಪಕ್ಕದ ಕುರ್ಚಿಯಲ್ಲಿ ಆಗಲೇ ಎದುರು ಮನೆಯ ವೈಜಯಂತಿ ಕೂತಿದ್ದರು. ಗಂಡನದು ಮಾರ್ಕೆಟ್ಟಿನಲ್ಲಿ ಉಡುಪಿ ಹೋಟೆಲು. ತಮ್ಮ ಮನೆಯ ಫೋನ್ ಕೆಟ್ಟಿದೆಯೆಂದು ಬಂದವರು ದೆಹಲಿಯ ಪೀತಮ್‌ಪುರದಲ್ಲಿರುವ ತಂಗಿಗೆ ಮಿಡಿ ಉಪ್ಪಿನಕಾಯಿಯ ಅಳತೆ ಹೇಳುತ್ತಿದ್ದರು. ಹನ್ನೊಂದು ಹೊಡೆಯಿತು. ಉಪ್ಪು ಆಯಿತು, ಸಾಸಿವೆ ಆಯಿತು. ಸುರೇಶನ ಮುಖ ಮೆಣಸಿನಪುಡಿಯ ಬಣ್ಣಕ್ಕೆ ತಿರುಗಿತು.

“ವೈಜಯಂತಿಯವರೇ, ನನ್ನ ಇಂಟರ್‌ವ್ಯೂ ಇದೆ!”

“ಅಯ್ಯೋ, ಮೊದಲೇ ಹೇಳ್ಬಾರ್ದಾ ಮಾರಾಯ್ರೆ?” ಎಂದು ಅವರು ಫೋನಿಟ್ಟರು. ಕುರ್ಚಿ ಮಾತ್ರ ಬಿಡಲಿಲ್ಲ.

ಇಟ್ಟ ಕೂಡಲೇ ಫೋನ್ ರಿಂಗಾಯಿತು. ಸುರೇಶ ಹಾರಿ ಬರುವಷ್ಟರಲ್ಲಿ ವೈಜಯಂತಿಯೇ ಎತ್ತಿ ಹಿಂದಿಯಲ್ಲಿ ಶುರುಮಾಡಿದರು. “ಸುರೇಶ್‌ಜೀ? ಜ್ವರವಾ? ಇಲ್ಲಪ್ಪ, ಟೈ ಕಟ್ಕೊಂಡು ಕೂತಿದ್ದಾರೆ. ಫಾರಿನ್ ಕೆಲಸದ ಇಂಟರ್‌ವ್ಯೂ! ತಾವ್ಯಾರು? ಅಚ್ಛಾ, ಮ್ಯಾನೇಜರ್ ಸಾಹೇಬರಾ?” ರಿಸೀವರ್ ಮುಚ್ಚಿಕೊಂಡು ಸುರೇಶನತ್ತ ತಿರುಗಿದರು. “ಸೋಮವಾರ ಕ್ಯಾಬಿನ್ನಿಗೆ ಬರ್ಬೇಕಂತೆ. ಪಾಪ, ನಿಮ್ಮ ಬಗ್ಗೆ ಎಷ್ಟು ಕಾಳಜಿ!”

ಸುರೇಶನಿಗೆ ರಿಸೀವರಿನ ವಯರನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಬೇಕೆನಿಸಿತು. ಇನ್ನು ಒಮಾನ್ ಬಿಟ್ಟರೆ ಗತಿಯಿಲ್ಲ.

ಹನ್ನೊಂದೂ ನಲವತ್ತಕ್ಕೆ ಅಸಲಿ ಕರೆ ಬಂತು. ಈ ಸಲ ಸುರೇಶನೇ ಎತ್ತಿದ. ಆಚೆಯವನದು ತಣ್ಣನೆಯ ಇಂಗ್ಲಿಷ್. “ಸೈಟಿನಲ್ಲಿ ಇನ್ನೂರು ಜನ ಕೆಲಸ ನಿಲ್ಲಿಸಿ ನಿಮ್ಮನ್ನು ಮುತ್ತಿಕೊಂಡಿದ್ದಾರೆ. ಏನು ಮಾಡುತ್ತೀರಿ?”

“ಮೊದಲು ಶಾಂತವಾಗಿ ಅವರ ಮಾತು ಕೇಳುತ್ತೇನೆ…”

“ಶಾಂತವಾಗಿ ಅನ್ಬೇಡ, ನಾಲ್ಕು ಬಿಗೀತೀನಿ ಅನ್ನು!” ಸೋಮಯ್ಯನವರು ಎಡಕಿವಿಯಲ್ಲಿ ಅಂದರು.

“ಊಟದಲ್ಲಿ ಕುಚಲಕ್ಕಿ ಉಂಟಾ ಕೇಳಿ,” ಬಲದಿಂದ ವೈಜಯಂತಿ. ಒಳಗೆ ಸೋಮಯ್ಯನವರ ಹೆಂಡತಿ ದೇಚಮ್ಮನ ಕುಕ್ಕರ್ ರೈಲಿನಂತೆ ಸೀಟಿ ಹೊಡೆಯಿತು.

“ಶಟಪ್!” ಸುರೇಶ ಗರ್ಜಿಸಿದ. “ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀರಾ?”

ಎಲ್ಲರೂ ಬಾಯಿ ಮುಚ್ಚಿದರು. ಒಮಾನ್ ಕೂಡ.

“ನನಗೆ ಹೇಳಿದಿರಾ?” ಎಂದಿತು ತಣ್ಣನೆಯ ದನಿ.

ಸುರೇಶ “ಸಾರಿ ಸರ್” ಎನ್ನುವ ಮೊದಲೇ ಸೋಮಯ್ಯನವರು ರಿಸೀವರ್ ಕಿತ್ತುಕೊಂಡರು. ಪೆರೇಡು ಮೈದಾನದ ಹಿಂದಿ ಹೊರಬಂತು. “ಹನ್ನೊಂದು ಅಂದ್ರೆ ಹನ್ನೊಂದು! ನಲವತ್ತು ನಿಮಿಷ ಲೇಟಾಗಿ ಬಂದು ನಮ್ಮ ಹುಡುಗನ್ನೇ ಪ್ರಶ್ನೆ ಕೇಳ್ತೀಯಾ? ನನ್ನ ಪಲ್ಟನ್ನಲ್ಲಿದ್ದಿದ್ರೆ ನಿನ್ನನ್ನ ಬಿಸಿಲಲ್ಲಿ ಹತ್ತು ಸುತ್ತು ಓಡಿಸ್ತಿದ್ದೆ!” ಕಿಟಕಿಯ ಗಾಜು ಅದುರಿತು. ರಸ್ತೆಯಲ್ಲಿ ತರಕಾರಿ ಭಯ್ಯಾ ಗಾಡಿ ನಿಲ್ಲಿಸಿದ. ಸೋಮಯ್ಯನವರು ಫೋನ್ ಕುಕ್ಕಿ ಮೀಸೆ ತೀಡಿಕೊಂಡರು. “ಚಲೋ, ಈಗ ಬುದ್ಧಿ ಬಂತು ಅವನಿಗೆ.”

“ನಿಮಗೆ ಯಾವಾಗ ಬರುತ್ತೆ?” ಸುರೇಶ ಟೈ ಕಿತ್ತು ನೆಲಕ್ಕೆಸೆದ. “ನನ್ನ ಜೀವನ ಹಾಳು ಮಾಡಿದಿರಿ! ಇನ್ನು ಈ ಮನೆ ಹೊಸ್ತಿಲು ತುಳಿದರೆ ಕೇಳಿ!” ಮೆಟ್ಟಿಲುಗಳನ್ನು ಒದೆಯುತ್ತ ಮೇಲೆ ಹೋದವನು ಊಟವನ್ನೂ ಮಾಡದೆ ಗೋಡೆ ನೋಡುತ್ತ ಕೂತ.

ಎರಡು ಗಂಟೆಗೆ ಸೋಮಯ್ಯನವರು ಬಾಗಿಲು ತಟ್ಟಿದರು. ಮುಖದಲ್ಲಿ ಎಂದೂ ಕಾಣದ ಸಂಕೋಚ.

“ಒಮಾನಿನವರು ಮತ್ತೆ ಫೋನ್ ಮಾಡಿದ್ರು.”

ಸುರೇಶ ಎದ್ದು ನಿಂತ. ಕೋಪವೆಲ್ಲ ಕರಗಿತು. “ಏನಂದ್ರು?”

“ಸೈಟಿನಲ್ಲಿ ಎರಡು ಸಾವಿರ ಕೆಲಸಗಾರರ ಕ್ಯಾಂಪ್ ಇದೆಯಂತೆ. ಯಾರ ಮಾತನ್ನೂ ಕೇಳಲ್ವಂತೆ. ಅವರನ್ನ ಹದ್ದುಬಸ್ತಿನಲ್ಲಿಡೋಕೆ ಇಂಥದೇ ಗಂಟಲು ಹುಡುಕ್ತಾ ಇದ್ರಂತೆ. ಮುಂದಿನ ತಿಂಗಳೇ ಹೊರಡ್ಬೇಕು. ನಾನು.”

“ನೀವಾ?” ಸುರೇಶನ ದನಿ ಕೀರಲಾಯಿತು. “ಮತ್ತೆ ನಾನು?”

“ನಿನಗೋಸ್ಕರ ಎಷ್ಟು ಹೇಳ್ದೆ! ಒಪ್ಪಲಿಲ್ಲಪ್ಪ. ಆ ಮನುಷ್ಯನಿಗೆ ಸಿಟ್ಟು ಜಾಸ್ತಿ, ಜನರ ಜೊತೆ ಹೇಗೆ ಮಾತಾಡ್ಬೇಕು ಗೊತ್ತಿಲ್ಲ ಅಂದ್ರು.” ಬೆನ್ನ ಹಿಂದಿನಿಂದ ಎರಡು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟರು. “ಐದು ಗಂಟೆಯೊಳಗೆ ನನ್ನ ಬಯೋಡೇಟಾ ಫ್ಯಾಕ್ಸ್ ಮಾಡ್ಬೇಕಂತೆ. ನಿನ್ನ ಇಂಗ್ಲಿಷು ಚೆನ್ನಾಗಿದೆಯಲ್ಲ, ಸ್ವಲ್ಪ ಬರೆದುಕೊಡು.”

ಸುರೇಶ ಬರೆದುಕೊಟ್ಟ. ‘ಸ್ವಭಾವ: ಶಾಂತ’ ಎಂದು ಸೋಮಯ್ಯನವರು ಹೇಳಿ ಬರೆಸಿದ ಜಾಗದಲ್ಲಿ ಪೆನ್ನಿನ ಮೊನೆ ಎರಡೂ ಹಾಳೆಗಳನ್ನು ತೂತು ಮಾಡಿಕೊಂಡು ಮೇಜಿಗೆ ನಾಟಿತ್ತು.